ನಾಳೆ ಉದ್ರಿ

ಧರ್ಮಪುರಿ ದಾಟಿ ಸೇಲಂ ದಾರಿಯಲ್ಲಿ ಸಿಗುವ ಒಂದು ಚಾದಂಗಡಿಯಲ್ಲಿ, ಬನ್ನಿನ ಗಾಜಿನ ಭರಣಿಗಳ ಮೇಲೆ, ತಮಿಳಿನ ಬೋರ್ಡೊಂದು ತೂಗುತ್ತಿದೆ: ‘ಇನ್ರು ರೊಕ್ಕಂ, ನಾಳೈ ಕಡನ್’. ತಮಿಳು ಓದಲು ಬಾರದ ಕನ್ನಡಿಗನಿಗೆ ಯಾರಾದರೂ ಇದನ್ನು ಓದಿ ಹೇಳಿದರೆ ಸಾಕು, ಅರ್ಥ ಬಿಡಿಸಿ ಹೇಳಬೇಕಿಲ್ಲ. ರೊಕ್ಕ ನಮ್ಮದೂ ಹೌದು, ನಾಳೆ ನಮ್ಮದೂ ಹೌದು. ನಮ್ಮ ಕಿರಾಣಿ ಅಂಗಡಿಗಳ ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡೇ ಗಡಿ ದಾಟಿ ಇಲ್ಲಿಗೆ ಬಂದಿದೆ, ಅಥವಾ ಇಲ್ಲಿಂದ ಅಲ್ಲಿಗೆ ಹೋಗಿದೆ. ಉದ್ರಿ ಕೇಳಲು ನಾಳೆ ಬಂದರೂ ಬೋರ್ಡು ಅದೇ ಮಾತು ಹೇಳುತ್ತದೆ. ನಾಡಿದ್ದು ಬಂದರೂ ಅದೇ.

ಈ ಉಪಾಯಕ್ಕೆ ದೆವ್ವವೂ ಸೋತ ಕಥೆ ನಿಮಗೆ ಗೊತ್ತಿರುತ್ತದೆ. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳಲ್ಲಿ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರು. ರಾತ್ರಿ ಬಾಗಿಲು ತಟ್ಟುವ ಹೆಣ್ಣುದೆವ್ವ ಅದನ್ನು ಓದಿ, ಸರಿ ಎಂದು ಹಿಂತಿರುಗುವುದು. ಮರುದಿನ ಬಂದು ಮತ್ತೆ ಓದುವುದು. ಓದು ಬರೆಹ ಬಲ್ಲ, ಆದರೆ ನಿನ್ನೆಯದನ್ನು ನೆನಪಿಡದ ದೆವ್ವ! ನಾವು ನಕ್ಕೆವು. ಆದರೆ ನಿನ್ನೆ ಓದಿದ ಅದೇ ಬೋರ್ಡನ್ನು ಇವತ್ತು ಮತ್ತೆ ಓದಿ, ನಂಬಿ, ಹಿಂತಿರುಗುವವರು ನಾವೇ ಅಲ್ಲವೆ? ಮಾಡಬೇಕಾದ ಕೆಲಸ ಯಾವುದೆಂದು ಗೊತ್ತು, ಮಾಡದಿದ್ದರೆ ನಷ್ಟವೆಂದು ಗೊತ್ತು, ಮಾಡುವ ಆಸೆಯೂ ಇದೆ. ಆದರೂ ಮಾಡುವುದಿಲ್ಲ. ಇದು ಯಾವ ಲೆಕ್ಕ?

ನನ್ನ ಉದ್ರಿ ಖಾತೆಯನ್ನೇ ಮೊದಲು ತೆರೆಯುತ್ತೇನೆ. ಸೇಲಂ ಸೀಮೆಯ ದೇವಾಂಗ ನೇಕಾರರಲ್ಲಿ ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು ಆಡುವ ಮನೆತನಗಳು ತಲೆಮಾರುಗಳಿಂದ ಇವೆ. ಚೌಡೇಶ್ವರಿಯ ಒಕ್ಕಲು, ಮಗ್ಗದ ಬದುಕು. ನಮ್ಮ ದೊಡ್ಡಪ್ಪ ಅಂಥವರಲ್ಲಿ ಒಬ್ಬರು. ಗುಂಡಿಮಗ್ಗದ ಒಂದೊಂದು ಮರದ ತುಂಡಿಗೂ, ಒಂದೊಂದು ಗಂಟಿಗೂ ಅವರ ಬಾಯಲ್ಲಿ ಒಂದು ಕನ್ನಡ ಹೆಸರಿತ್ತು. ಅವರ ಮಕ್ಕಳು ಮೊಮ್ಮಕ್ಕಳು ಓದಿದ್ದು ತಮಿಳಿನಲ್ಲಿ, ಮಗ್ಗಕ್ಕೆ ಕೂತವರು ಯಾರೂ ಇಲ್ಲ. ‘ಬಂದು ಎಲ್ಲ ಬರೆದುಕೊಳ್ತೀನಿ ದೊಡ್ಡಪ್ಪ’ ಎಂದು ನಾನು ಮಾತು ಕೊಟ್ಟೆ. ಬೆಂಗಳೂರಿನಿಂದ ಸೇಲಂಗೆ ಇನ್ನೂರು ಕಿಲೋಮೀಟರು, ನಾಲ್ಕು ತಾಸಿನ ದಾರಿ. ಯುಗಾದಿ ಕಳೆಯಲಿ ಎಂದೆ, ಮಾವಿನ ಕಾಲ ಮುಗಿಯಲಿ ಎಂದೆ, ಮಳೆ ನಿಲ್ಲಲಿ ಎಂದೆ. ಹೀಗೆ ಆರು ವರ್ಷ. ಆಮೇಲೆ ಒಂದು ಬೆಳಗ್ಗೆ ಫೋನು ಬಂತು, ಅದೇ ದಿನ ನಾಲ್ಕು ತಾಸಿನಲ್ಲಿ ಸೇಲಂ ತಲುಪಿದೆ. ಮಣ್ಣಿಗೆ.

ಎಂಟು ತಿಂಗಳ ಪೆಟ್ಟಿಗೆ

ನನಗೆ ಸಮಾಧಾನ ಹೇಳುವ ಒಬ್ಬ ದೊಡ್ಡ ಮನುಷ್ಯರಿದ್ದಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಒಮ್ಮೆ ಒಂದು ವರ್ಷ ಭಾರತದಲ್ಲಿದ್ದರು. ಅವರನ್ನು ನೋಡಲು ಬಂದ ಗೆಳೆಯ ಜೋಸೆಫ್ ಸ್ಟಿಗ್ಲಿಟ್ಜ್, ವಿಮಾನದಲ್ಲಿ ಒಯ್ಯಲು ಬಿಡಲಿಲ್ಲವೆಂದು ಒಂದು ಬಟ್ಟೆಯ ಪೆಟ್ಟಿಗೆಯನ್ನು ಬಿಟ್ಟುಹೋದರು. ಅದನ್ನು ಪಾರ್ಸೆಲ್ ಮಾಡಿ ಅಮೆರಿಕಕ್ಕೆ ಕಳಿಸಬೇಕು, ಅಷ್ಟೇ. ನಮ್ಮ ಕಚೇರಿಗಳ ವೇಗ ನೋಡಿ, ಅದಕ್ಕೆ ಇಡೀ ದಿನ ಹೋಗುತ್ತದೆಂದು ಅಕರ್ಲಾಫ್ ಅಂದಾಜು ಮಾಡಿದರು. ಎಂಟು ತಿಂಗಳಿಗೂ ಹೆಚ್ಚು ಕಾಲ ದಿನಾ ಬೆಳಗ್ಗೆ ಎದ್ದು, ನಾಳೆ ಕಳಿಸುತ್ತೇನೆ ಎಂದು ತೀರ್ಮಾನಿಸಿದರು. ಕೊನೆಗೆ ಇನ್ನೊಬ್ಬ ಗೆಳೆಯ ತನ್ನ ಪೆಟ್ಟಿಗೆಗಳನ್ನು ಕಳಿಸುವಾಗ ಅವುಗಳ ಜೊತೆಗೆ ಇದನ್ನೂ ಸೇರಿಸಿದರು. 1991ರಲ್ಲಿ ಅವರು ಬರೆದ ಹೆಸರಾಂತ ಪ್ರಬಂಧ ಈ ಪೆಟ್ಟಿಗೆಯಿಂದಲೇ ಶುರುವಾಗುತ್ತದೆ. 2001ರ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅಕರ್ಲಾಫ್ ಒಬ್ಬರು, ಬಟ್ಟೆ ಕಳೆದುಕೊಂಡು ಕಾದ ಸ್ಟಿಗ್ಲಿಟ್ಜ್ ಇನ್ನೊಬ್ಬರು.

ಅಕರ್ಲಾಫ್ ಕಂಡುಕೊಂಡದ್ದು ಸರಳ. ಇವತ್ತು ಅಂಚೆ ಕಚೇರಿಯಲ್ಲಿ ಕಳೆಯಬೇಕಾದ ದಿನ ಕಣ್ಣಿಗೆ ಕುಕ್ಕುತ್ತದೆ. ಒಂದು ದಿನ ತಡವಾದರೆ ಆಗುವ ನಷ್ಟ ತೀರ ಚಿಕ್ಕದು. ಆದ್ದರಿಂದ ಇವತ್ತು ಬಿಟ್ಟು ನಾಳೆ ಎನ್ನುವುದು ಪ್ರತಿದಿನವೂ ಬುದ್ಧಿವಂತಿಕೆಯ ತೀರ್ಮಾನವೇ. ಇನ್ನೂರ ನಲವತ್ತು ಬುದ್ಧಿವಂತ ತೀರ್ಮಾನಗಳನ್ನು ಕೂಡಿದರೆ ಒಂದು ಪೆದ್ದುತನ.

ನೆಲದೊಳಗಿನ ಗೆಣಸು

ಹಾಗಾದರೆ ತಡ ಮಾಡುವುದೆಲ್ಲ ತಪ್ಪೇ? ಅಲ್ಲ. ಇದನ್ನು ಸೇಲಂನ ಮರಗೆಣಸಿನ ರೈತರಷ್ಟು ಚೆನ್ನಾಗಿ ಬಲ್ಲವರಿಲ್ಲ.

ಏಕಾದಶಿಗೆ ನೀವು ನೆನೆಹಾಕುವ ಸಬ್ಬಕ್ಕಿ ಬಹುಮಟ್ಟಿಗೆ ಈ ಸೀಮೆಯದು. ಮೊದಲು ಹೊರದೇಶದಿಂದ ಬರುತ್ತಿದ್ದ ಸಬ್ಬಕ್ಕಿ ಒಂದು ಜಾತಿಯ ತಾಳೆಮರದ ತಿರುಳಿನದು. ಎರಡನೇ ಮಹಾಯುದ್ಧದ ಹೊತ್ತಿಗೆ ಆಮದು ನಿಂತಾಗ, ಮರಗೆಣಸಿನ ಪಿಷ್ಟದಿಂದ ಅದನ್ನು ಮಾಡುವ ಕಸುಬು ಸೇಲಂನಲ್ಲಿ ಬೇರೂರಿತು. ಗೆಣಸು ತೊಳೆದು, ಸಿಪ್ಪೆ ತೆಗೆದು, ಅರೆದು, ಹಾಲನ್ನು ತೊಟ್ಟಿಯಲ್ಲಿ ತಿಳಿಯಾಗಲು ಬಿಟ್ಟು, ತಳಕ್ಕಿಳಿದ ಪಿಷ್ಟವನ್ನು ಕುಲುಕಿ ಕಾಳಾಗಿಸಿ, ಹುರಿದು ಒಣಗಿಸುತ್ತಾರೆ. ಕಾರ್ಖಾನೆಗಳ ಮುಂದಿನ ಸಿಮೆಂಟು ಕಣಗಳು ಬಿಸಿಲಿಗೆ ಹಿಮ ಬಿದ್ದಂತೆ ಬೆಳ್ಳಗಿರುತ್ತವೆ. ಇವರೆಲ್ಲರ ಮಾರಾಟಕ್ಕೆ 1981ರಲ್ಲಿ ಹುಟ್ಟಿದ ‘ಸಾಗೋಸರ್ವ್’ ಎಂಬ ಸಹಕಾರ ಸಂಘವೂ ಇದೆ.

ಗೆಣಸು ಎಂಟು ಹತ್ತು ತಿಂಗಳಿಗೆ ಬಲಿಯುತ್ತದೆ. ಬೆಲೆ ಇಲ್ಲವೆಂದರೆ ರೈತ ಕೀಳದೆ ಬಿಡುತ್ತಾನೆ. ನೆಲದೊಳಗೆ ಇನ್ನೊಂದೆರಡು ತಿಂಗಳು ಅದು ಆರಾಮಾಗಿರುತ್ತದೆ. ಆದರೆ ಒಮ್ಮೆ ಕಿತ್ತರೆ ಮುಗಿಯಿತು. ಆಲೂಗಡ್ಡೆಯಂತೆ ಮೊಳಕೆಗಾಗಿ ಕಾದು ಮಲಗುವ ಗಡ್ಡೆ ಇದಲ್ಲ, ಬರೀ ಬೇರು. ಗಾಯದ ಬಾಯಿಂದ ಗಾಳಿ ಸೋಕಿ ಎರಡು ಮೂರು ದಿನದಲ್ಲಿ ಒಳಗೆ ನೀಲಿಗಪ್ಪು ಗೆರೆಗಳು ಓಡುತ್ತವೆ. ಕೀಳುವ ಮೊದಲು ಎಷ್ಟು ನಿಧಾನವೋ ಕಿತ್ತ ಮೇಲೆ ಅಷ್ಟು ಅವಸರ.

ಬೆಲೆ ನೋಡಿ ಕೀಳದೆ ಬಿಟ್ಟವನು ಕಾಯುತ್ತಿದ್ದಾನೆ. ಕಿತ್ತು ಗುಡ್ಡೆ ಹಾಕಿ, ಲಾರಿಗೆ ನಾಳೆ ಹೇಳೋಣ ಎಂದವನು ಮುಂದೂಡುತ್ತಿದ್ದಾನೆ. ಕೆನಡಾದ ಕ್ಯಾಲ್ಗರಿಯ ಪಿಯರ್ಸ್ ಸ್ಟೀಲ್ ಎಂಬ ಸಂಶೋಧಕ ಈ ವಿಷಯದ ಅಧ್ಯಯನಗಳ ರಾಶಿಯನ್ನೇ 2007ರಲ್ಲಿ ಜಾಲಾಡಿ ಕೊಟ್ಟ ಲಕ್ಷಣವೂ ಇದೇ: ತಡ ಮಾಡಿದರೆ ತನಗೇ ಕೆಡುಕೆಂದು ಗೊತ್ತಿದ್ದೂ, ಮಾಡಬೇಕೆಂದುಕೊಂಡ ಕೆಲಸವನ್ನು ತಾನಾಗಿಯೇ ತಡ ಮಾಡುವುದು. ಇಂಗ್ಲಿಷಿನ ‘ಪ್ರೊಕ್ರಾಸ್ಟಿನೇಷನ್’ ಪದದ ಹೊಟ್ಟೆಯೊಳಗೂ ಲ್ಯಾಟಿನ್ನಿನ ‘ಕ್ರಾಸ್’, ಎಂದರೆ ನಾಳೆ, ಕೂತಿದೆ. ನಾವು ಅದನ್ನು ಮುಂದೂಡಿಕೆ ಎನ್ನೋಣ. ಎಂಬತ್ತು ದಾಟಿದ ದೊಡ್ಡಪ್ಪನ ನೆನಪು ಕಿತ್ತ ಗೆಣಸು. ನಾನು ಅದನ್ನು ನೆಲದೊಳಗಿನ ಗೆಣಸೆಂದು ಆರು ವರ್ಷ ತಿಳಿದಿದ್ದೆ.

ಹುಣಸೆಮರ ಮತ್ತು ಬೆಟ್ಟ

ತೊಪ್ಪೂರು ಘಾಟ್ ಇಳಿದು ಓಮಲೂರಿನ ಕಡೆ ಬರುವಾಗ ಎಡಗಡೆ ಶೇರ್ವರಾಯನ್ ಬೆಟ್ಟಸಾಲು ಕಾಣುತ್ತದೆ. ಏರ್ಕಾಡು ಇರುವುದು ಅದರ ಮೇಲೆ. ಬೆಟ್ಟದ ತುದಿಯ ಎತ್ತರ ಸುಮಾರು 1,600 ಮೀಟರು. ರಸ್ತೆ ಬದಿಯ ಒಂದು ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿ ನೋಡಿ. ಅಷ್ಟು ದೊಡ್ಡ ಬೆಟ್ಟವನ್ನು ಆ ಒಂದು ಮರ ಮುಚ್ಚಿಬಿಡುತ್ತದೆ. ಮರಕ್ಕಿಂತ ಬೆಟ್ಟ ದೊಡ್ಡದೆಂದು ನಿಮಗೆ ಗೊತ್ತು. ಗೊತ್ತಿರುವುದಕ್ಕೂ ಕಾಣುವುದಕ್ಕೂ ಸಂಬಂಧವಿಲ್ಲ.

ಮನಸ್ಸು ಕಾಲವನ್ನು ನೋಡುವುದೂ ಹೀಗೆಯೇ. ಹತ್ತಿರದ ಚಿಕ್ಕ ಸುಖ ದೂರದ ದೊಡ್ಡ ಫಲವನ್ನು ಮುಚ್ಚುತ್ತದೆ, ಹತ್ತಿರದ ಚಿಕ್ಕ ಕಿರಿಕಿರಿ ದೂರದ ದೊಡ್ಡ ನಷ್ಟವನ್ನು ಮುಚ್ಚುತ್ತದೆ. ಇದನ್ನು ‘ಹತ್ತಿರದ ಮರುಳು’ ಎಂದು ಕರೆಯಬಹುದು. ಇದು ಮನುಷ್ಯರ ಜಾಣತನಕ್ಕೆ ಅಂಟಿದ ರೋಗವೂ ಅಲ್ಲ, ಪಾರಿವಾಳಕ್ಕೂ ಇದೆ. ಅಮೆರಿಕದ ಜಾರ್ಜ್ ಐನ್ಸ್‌ಲೀ 1974ರಲ್ಲಿ ಪಾರಿವಾಳಗಳ ಮುಂದೆ ಒಂದು ಕೆಂಪು ಗುಂಡಿ ಇಟ್ಟರು. ಕುಕ್ಕಿದರೆ ತಕ್ಷಣ ಸ್ವಲ್ಪ ಕಾಳು. ಕುಕ್ಕದೆ ಮೂರು ಸೆಕೆಂಡು ತಡೆದರೆ ಹೆಚ್ಚು ಕಾಳು. ಹಕ್ಕಿಗಳು ತಡೆಯಲಿಲ್ಲ. ಕೆಂಪು ಕಂಡೊಡನೆ ಕುಕ್ಕಿದವು.

ಇನ್ನೊಂದು ಮೋಸವೂ ಇದರೊಳಗೆ ಸೇರಿದೆ. ಮುಂದಿನ ತಿಂಗಳು ನನಗೆ ಬಿಡುವಿರುತ್ತದೆ ಎಂದು ನಾವು ನಿಜವಾಗಿಯೂ ನಂಬುತ್ತೇವೆ. ದೂರದ ಬೆಟ್ಟದ ಮೇಲಿನ ಕಲ್ಲುಮುಳ್ಳು ಕಾಣುವುದಿಲ್ಲ, ನುಣ್ಣಗೆ ನೀಲಿಯಾಗಿ ಕಾಣುತ್ತದೆ, ಗಾದೆಯೇ ಇದೆಯಲ್ಲ. 1994ರ ಒಂದು ಅಧ್ಯಯನದಲ್ಲಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕೆಂದು ಕೇಳಿದರು. ಸರಾಸರಿ 34 ದಿನ ಎಂದರು. ಹಿಡಿದದ್ದು 55.

ಸೋಮಾರಿಗೆ ಸಂಕಟವಿಲ್ಲ

ಇಷ್ಟೇ ಆಗಿದ್ದರೆ ಮುಂದೂಡುವವನು ಮರದ ನೆರಳಲ್ಲಿ ಹಾಯಾಗಿ ಮಲಗಿರಬೇಕಿತ್ತು. ಆದರೆ ಅವನು ಮಲಗುವುದಿಲ್ಲ. ಮನೆ ಗುಡಿಸುತ್ತಾನೆ, ಫೋನಿನಲ್ಲಿ ಯಾರದೋ ಮದುವೆಯ ಫೋಟೋ ನೋಡುತ್ತಾನೆ, ಹತ್ತು ಸಣ್ಣ ಕೆಲಸ ಮುಗಿಸುತ್ತಾನೆ, ಮುಗಿಸುತ್ತಲೇ ಒಳಗೊಳಗೆ ಬೇಯುತ್ತಾನೆ. ನಮ್ಮ ಕಾಲದ ಮುಂದೂಡಿಕೆಗೆ ಸದಾ ‘ಬಿಜಿ’ಯ ವೇಷ. ಸೋಮಾರಿಗೆ ಈ ಸಂಕಟವಿಲ್ಲ, ಅವನು ಪುಣ್ಯವಂತ.

ಆ ಆರು ವರ್ಷ ನನ್ನನ್ನು ತಡೆದದ್ದು ಇನ್ನೂರು ಕಿಲೋಮೀಟರೇ? ಅಲ್ಲ. ಅದೇ ದಾರಿಯಲ್ಲಿ ಬೇರೆ ಕೆಲಸಕ್ಕೆ ಹತ್ತಾರು ಸಲ ಓಡಾಡಿದ್ದೇನೆ. ದೊಡ್ಡಪ್ಪನ ಮುಂದೆ ಕೂತರೆ ಅವರು ‘ಇದೇನು ಗೊತ್ತಾ?’ ಎಂದು ಕೇಳುವರು, ನೇಕಾರರ ಮನೆಯಲ್ಲಿ ಹುಟ್ಟಿದ ನನಗೆ ಗೊತ್ತಿರುವುದಿಲ್ಲ. ಆ ಕ್ಷಣದ ನಾಚಿಕೆ ನನಗೆ ಬೇಡವಾಗಿತ್ತು. ಮುಂದೂಡಿದ್ದು ಕೆಲಸವನ್ನಲ್ಲ, ನಾಚಿಕೆಯನ್ನು.

ಫ್ಯೂಷಿಯಾ ಸಿರ್ವಾ ಮತ್ತು ಟಿಮೊತಿ ಪಿಚಿಲ್ ಎಂಬ ಮನೋವಿಜ್ಞಾನಿಗಳು 2013ರಲ್ಲಿ ಹೇಳಿದ್ದು ಇದನ್ನೇ. ಮುಂದೂಡಿಕೆ ಸಮಯ ಹೊಂದಿಸಲಾಗದ ತೊಂದರೆಯಲ್ಲ. ಈ ಕ್ಷಣದ ಬೇಸರ, ಭಯ, ಕೀಳರಿಮೆಗಳಿಂದ ತಪ್ಪಿಸಿಕೊಳ್ಳುವ ದಾರಿ. ಇದಕ್ಕೂ ಹಿಂದೆ, 2001ರಲ್ಲಿ ಪ್ರಕಟವಾದ ಒಂದು ತಮಾಷೆಯ ಪ್ರಯೋಗವಿದೆ. ಡಯಾನ್ ಟೈಸ್ ಮತ್ತು ಸಂಗಡಿಗರು ಕೆಲವು ವಿದ್ಯಾರ್ಥಿಗಳ ಮನಸ್ಸನ್ನು ಬೇಕೆಂದೇ ಮುದುಡಿಸಿ, ಪರೀಕ್ಷೆಗೆ ಓದಿಕೊಳ್ಳಿ ಎಂದು ಬಿಟ್ಟರು. ಪಕ್ಕದಲ್ಲಿ ಆಟದ ಸಾಮಾನೂ ಇತ್ತು. ಮನಸ್ಸು ಕೆಟ್ಟವರು ಓದು ಬಿಟ್ಟು ಆಟಕ್ಕೆ ಕೈಹಾಕಿದರು. ಆದರೆ ಒಂದು ಗುಂಪಿಗೆ ಸುಗಂಧದ ಮೇಣದಬತ್ತಿ ಹಚ್ಚಿ, ಇದರ ಪರಿಣಾಮದಿಂದ ನಿಮ್ಮ ಮನಸ್ಥಿತಿ ಸದ್ಯಕ್ಕೆ ಏನು ಮಾಡಿದರೂ ಬದಲಾಗದು ಎಂದು ನಂಬಿಸಿದ್ದರು. ಆ ಗುಂಪಿನವರು ಹಾಗೆ ಕಾಲ ಕಳೆಯಲಿಲ್ಲ. ಆಡಿದರೂ ಮನಸ್ಸು ಹಗುರಾಗದೆಂದ ಮೇಲೆ ಆಡುವುದೇಕೆ?

ಚಾದಂಗಡಿಯ ಬೋರ್ಡಿಗೆ ಮರಳೋಣ. ಮುಂದೂಡುವವನು ಆ ಬೋರ್ಡನ್ನು ತಲೆಕೆಳಗೆ ಮಾಡಿರುತ್ತಾನೆ: ಇಂದು ಉದ್ರಿ, ನಾಳೆ ನಗದು. ಈ ಸಂಜೆಯ ನೆಮ್ಮದಿಯನ್ನು ಅವನು ನಾಳೆಯ ತನ್ನ ಖಾತೆಗೆ ಬರೆಸಿ ತಂದಿದ್ದಾನೆ. ಸಾಲ ಮಾಡಿದವನೂ ಅವನೇ, ತೀರಿಸಬೇಕಾದವನೂ ಅವನೇ. ಆದರೆ ಇಬ್ಬರಿಗೂ ಅಷ್ಟು ಪರಿಚಯವಿಲ್ಲ.

ಕಂದುವಟ್ಟಿ

ಸಾಲ ಎಂದಮೇಲೆ ಬಡ್ಡಿ. ತಮಿಳುನಾಡಿನಲ್ಲಿ ಕತ್ತು ಹಿಡಿಯುವ ಬಡ್ಡಿಗೆ ಕಂದುವಟ್ಟಿ ಎನ್ನುತ್ತಾರೆ, ನಮ್ಮ ಮೀಟರ್ ಬಡ್ಡಿಯ ಅಣ್ಣ. ಅದನ್ನು ತಡೆಯಲು 2003ರಲ್ಲಿ ಆ ರಾಜ್ಯ ಒಂದು ಕಾಯಿದೆಯನ್ನೇ ತರಬೇಕಾಯಿತು. ಮುಂದೂಡಿಕೆಯ ಬಡ್ಡಿ ಯಾವುದೆಂದರೆ, ಛೇ ಎಂಬ ಉದ್ಗಾರ. ಮೊದಲ ವರ್ಷ ದೊಡ್ಡಪ್ಪನ ಬಳಿ ಹೋಗಲು ನನ್ನ ಅಜ್ಞಾನದ ನಾಚಿಕೆಯೊಂದೇ ಅಡ್ಡಿ. ಎರಡನೆಯ ವರ್ಷ ಅದರ ಜೊತೆಗೆ, ಹೋದವರ್ಷವೇ ಬರುತ್ತೇನೆಂದು ಹೇಳಿ ಹೋಗಲಿಲ್ಲವಲ್ಲ ಎಂಬ ನಾಚಿಕೆ. ಮೂರನೆಯ ವರ್ಷ ಫೋನು ಮಾಡಲೂ ಮುಖವಿಲ್ಲ. ಕೆಲಸ ಮೊದಲಿದ್ದಷ್ಟೇ ಇದೆ, ಅದರ ಒಗರು ಮಾತ್ರ ಏರಿದೆ. ಒಗರು ಏರಿದಷ್ಟೂ ತಪ್ಪಿಸಿಕೊಳ್ಳುವ ಆಸೆ, ತಪ್ಪಿಸಿಕೊಂಡಷ್ಟೂ ಒಗರು. ‘ನಾಳೆ ಎಂದವನ ಮನೆ ಹಾಳು’ ಎಂಬ ಗಾದೆಯ ಒಳಗಿನ ಯಂತ್ರ ಇದು: ಅಸಲು ನಿಂತಲ್ಲೇ ನಿಂತಿರುತ್ತದೆ, ಬಡ್ಡಿ ಮನೆ ಮುಳುಗಿಸುತ್ತದೆ.

ಆಮೇಲೆ ಒಂದು ದಿನ ಕೆಲಸ ಮಾಡುವ ಅವಕಾಶವೇ ಹೋಗುತ್ತದೆ. ಉಳಿಯುವುದು ಪಶ್ಚಾತ್ತಾಪ. ಕಾರ್ನೆಲ್ ವಿಶ್ವವಿದ್ಯಾಲಯದ ಗಿಲೋವಿಚ್ ಮತ್ತು ಮೆಡ್ವೆಕ್ 1990ರ ದಶಕದಲ್ಲಿ ಇದರ ಬಗ್ಗೆ ಜನರನ್ನು ಕೇಳಿದಾಗ ಒಂದು ವಿಚಿತ್ರ ಕಂಡಿತು. ಹತ್ತಿರದ ದಿನಗಳ ಲೆಕ್ಕದಲ್ಲಿ ಮಾಡಿದ ತಪ್ಪುಗಳು ಚುಚ್ಚುತ್ತವೆ. ಇಡೀ ಬದುಕಿನ ಲೆಕ್ಕ ತೆಗೆದರೆ ಮಾಡದೆ ಬಿಟ್ಟವೇ ಹೆಚ್ಚು ಚುಚ್ಚುತ್ತವೆ. ಮಾಡಿದ ತಪ್ಪಿಗೆ ಕ್ಷಮೆ ಕೇಳಬಹುದು, ತೇಪೆ ಹಾಕಬಹುದು. ಮಾಡದ್ದಕ್ಕೆ ಏನು ತೇಪೆ?

ನನಗೆ ಇದು ಅದೇ ಹುಣಸೆಮರದ ಕಥೆಯಾಗಿ ಕಾಣುತ್ತದೆ, ಈ ಸಲ ಗಾಡಿಯ ಹಿಂಗನ್ನಡಿಯಲ್ಲಿ. ಮುಂದೆ ಹೋದಂತೆ ಮರ ಚಿಕ್ಕದಾಗಿ, ಚುಕ್ಕೆಯಾಗಿ, ಇಲ್ಲವಾಗುತ್ತದೆ. ಬೆಟ್ಟ ಹಾಗೇ ನಿಂತಿರುತ್ತದೆ. ಆವತ್ತು ನನ್ನನ್ನು ತಡೆದ ಮಳೆ, ಮಾವು, ಮುಜುಗರ ಈಗ ಹುಡುಕಿದರೂ ಸಿಗುವುದಿಲ್ಲ. ‘ಅದೊಂದು ಕಾರಣವೇ!’ ಎನ್ನಿಸುತ್ತದೆ. ಮುಂದೂಡುವಾಗ ಮೋಸ ಮಾಡಿದ ಕಣ್ಣೇ ಪಶ್ಚಾತ್ತಾಪ ಪಡುವಾಗಲೂ ಮೋಸ ಮಾಡುತ್ತಿದೆ. ಆಗ ಮರವೇ ಬೆಟ್ಟವಾಗಿತ್ತು, ಈಗ ಮರ ಇದ್ದೇ ಇರಲಿಲ್ಲ ಎನ್ನುತ್ತದೆ.

ತೊಪ್ಪೂರಿನಿಂದ ಬಲಕ್ಕೆ ಹೊರಳಿದರೆ ಮೆಟ್ಟೂರು. ಕಾವೇರಿಗೆ 1925ರಿಂದ 1934ರವರೆಗೆ ಕಟ್ಟಿದ ಅಣೆಕಟ್ಟಿನ ಹಿಂದೆ ಹಳ್ಳಿಗಳು ಮುಳುಗಿವೆ. 120 ಅಡಿ ನೀರು ತುಂಬಿದಾಗ ಕಡಲಿನಂತೆ ನಿರಾತಂಕ. ನೀರು ತೀರ ಇಳಿದ ಬೇಸಿಗೆಗಳಲ್ಲಿ ಪಣ್ಣವಾಡಿಯ ಬಳಿ ಹಳೆಯ ನಂದಿ ತಲೆ ಎತ್ತುತ್ತದೆ, ಚರ್ಚಿನ ಗೋಪುರ ಎದ್ದು ನಿಲ್ಲುತ್ತದೆ, ಜನ ನೋಡಲು ಹೋಗುತ್ತಾರೆ. ಬಿಡುವಿಲ್ಲದ ವರ್ಷಗಳಲ್ಲಿ ನನಗೆ ದೊಡ್ಡಪ್ಪ ನೆನಪಾಗಿದ್ದು ಕಡಿಮೆ. ಜ್ವರ ಬಂದು ವಾರ ಮಲಗಿದಾಗ ಎದ್ದು ನಿಂತರು.

ಬಡ್ಡಿ ಮನ್ನಾ

ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಮೈಕಲ್ ವೋಲ್ ಮತ್ತು ಸಂಗಡಿಗರು 119 ಹೊಸ ವಿದ್ಯಾರ್ಥಿಗಳನ್ನು ಎರಡು ಪರೀಕ್ಷೆಗಳ ನಡುವೆ ಗಮನಿಸಿ 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದವರಲ್ಲಿ, ಅದಕ್ಕಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೆಯದಕ್ಕೆ ಕಡಿಮೆ ಮುಂದೂಡಿದರು. ಬೈದುಕೊಂಡವರು ಮತ್ತೆ ಹಾಗೇ ಮಾಡಿದರು. ನಮ್ಮ ಮೇಷ್ಟರುಗಳು ನಂಬಿದ್ದಕ್ಕೆ ಇದು ಪೂರ್ತಿ ಉಲ್ಟಾ. ಒಂದು ಕಾಲೇಜಿನ ಸಣ್ಣ ಗುಂಪು, ತಲೆಯ ಮೇಲೆ ಹೊತ್ತು ಕುಣಿಯಬೇಕಿಲ್ಲ. ಆದರೂ ಯಂತ್ರಕ್ಕೆ ಸರಿಯಾಗಿ ಕೂರುತ್ತದೆ: ಕೆಲಸದ ಒಗರಿಗೆ ಬೈಗುಳ ಇನ್ನಷ್ಟು ಒಗರು ಸೇರಿಸುತ್ತದೆ, ಕ್ಷಮೆ ಆ ಸೇರಿದ್ದನ್ನು ಕಳೆಯುತ್ತದೆ. ಸರ್ಕಾರಗಳು ಸಹಕಾರಿ ಸಾಲದ ಬಡ್ಡಿ ಮನ್ನಾ ಮಾಡುವಾಗ ಅಸಲು ಕಟ್ಟಿದರೆ ಮಾತ್ರ ಎಂಬ ಷರತ್ತು ಹಾಕುವುದುಂಟಲ್ಲ, ಹಾಗೆ. ಪರೀಕ್ಷೆ ಬರೆಯಲೇಬೇಕು.

ಬಡ್ಡಿ ಇಳಿದ ಮೇಲೂ ಹುಣಸೆಮರ ಅಡ್ಡವಿದ್ದೇ ಇರುತ್ತದಲ್ಲ, ಅದಕ್ಕೇನು? ತೊಪ್ಪೂರು ಘಾಟಿನ ಲಾರಿ ಡ್ರೈವರನ್ನು ಕೇಳಬೇಕು. ಅಪಘಾತಗಳಿಗೆ ಕುಖ್ಯಾತವಾದ ಇಳಿಜಾರು ಅದು. ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿ ಜಾರಿದ ಲಾರಿ ಅರ್ಧ ದಾರಿಯಲ್ಲಿ ಬ್ರೇಕು ಕಾದು ಕೈಕೊಟ್ಟಾಗ ಗೇರು ಹುಡುಕಿದರೆ ಗೇರು ಬೀಳುವುದಿಲ್ಲ. ಪಳಗಿದ ಡ್ರೈವರು ಇಳಿಜಾರು ಶುರುವಾಗುವ ಮೊದಲೇ, ಮೇಲೆ, ಚಿಕ್ಕ ಗೇರಿಗೆ ಹಾಕಿಕೊಳ್ಳುತ್ತಾನೆ. ಐನ್ಸ್‌ಲೀಯ ಪಾರಿವಾಳಗಳ ಕಥೆಯ ಉತ್ತರಾರ್ಧವೂ ಇದೇ. ಕೆಂಪು ಗುಂಡಿ ಬೆಳಗುವುದಕ್ಕೆ ಕೆಲವು ಸೆಕೆಂಡು ಮೊದಲು ಹಸಿರು ಗುಂಡಿಯೊಂದನ್ನು ಕುಕ್ಕಿದರೆ ಕೆಂಪು ಬರುವುದೇ ಇಲ್ಲ ಎಂಬ ಏರ್ಪಾಡು ಮಾಡಿದಾಗ, ಕೆಲವು ಹಕ್ಕಿಗಳು ಹಸಿರು ಕುಕ್ಕಲು ಕಲಿತವು! ತಮ್ಮ ಆಸೆಗೆ ತಾವೇ ಮುಂಚಿತವಾಗಿ ಕಟ್ಟು ಹಾಕಿಕೊಂಡವು. ಇದನ್ನು ‘ಮುಂಗಟ್ಟು’ ಎನ್ನೋಣ.

ಮನುಷ್ಯರಿಗೆ ಇನ್ನೂ ಅಗ್ಗದ ಮುಂಗಟ್ಟು ಸಾಕಾಗುತ್ತದೆ. ಪೀಟರ್ ಗೋಲ್‌ವಿಟ್ಸರ್ ಜರ್ಮನಿಯಲ್ಲಿ ವಿದ್ಯಾರ್ಥಿಗಳಿಗೆ, ಕ್ರಿಸ್ಮಸ್ ಹಿಂದಿನ ರಾತ್ರಿಯನ್ನು ಹೇಗೆ ಕಳೆದಿರೆಂದು ಎರಡು ದಿನದೊಳಗೆ ಬರೆದು ಕಳಿಸಿ ಎಂದರು. ರಜೆಯಲ್ಲಿ ಬರೆಯುವವರು ಯಾರು? ಬರೀ ಒಪ್ಪಿಕೊಂಡವರಲ್ಲಿ ಮೂವರಿಗೆ ಒಬ್ಬರಂತೆ ಕಳಿಸಿದರು. ಎಲ್ಲಿ ಕೂತು, ಯಾವ ಹೊತ್ತಿಗೆ ಬರೆಯುತ್ತೇನೆಂದು ಮೊದಲೇ ಗುರುತು ಹಾಕಿಕೊಂಡವರಲ್ಲಿ ನಾಲ್ವರಿಗೆ ಸುಮಾರು ಮೂವರು ಕಳಿಸಿದರು. ‘ನಾಳೆ’ ಎಂಬುದಕ್ಕೆ ವಿಳಾಸವಿಲ್ಲ. ‘ಭಾನುವಾರ, ಆರೂವರೆಯ ಬಸ್ಸು’ ಎಂಬುದಕ್ಕೆ ಇದೆ.

ಆರೂವರೆಯ ಬಸ್ಸು

ದೊಡ್ಡಪ್ಪ ಹೋಗಿ ಒಂದೂವರೆ ವರ್ಷಕ್ಕೆ ಒಂದು ಭಾನುವಾರ ನಾನು ದೊಡ್ಡಮ್ಮನ ಮನೆಯ ಮುಂದೆ ನಿಂತಿದ್ದೆ. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತು ಜೋಡಿಸಿದ್ದೆ. ಅವರು ಹೊಸಿಲಲ್ಲಿ ರಾಟೆ ಹಾಕಿಕೊಂಡು ಕಂಡಿಕೆ ಸುತ್ತುತ್ತಿದ್ದರು, ಪಕ್ಕದ ಮನೆಯ ಮಗ್ಗಕ್ಕೆ. ‘ದೊಡ್ಡಪ್ಪ ಇದ್ದಾಗಲೇ ಬರಬೇಕಿತ್ತು ದೊಡ್ಡಮ್ಮ’ ಎಂದೆ.

‘ಬರಬೇಕಿತ್ತು’ ಎಂದರು. ‘ಕಾಪಿ ಕುಡೀತೀಯಾ?’

ಅಷ್ಟರಲ್ಲಿ ಎಳೆ ಕಿತ್ತುಬಂತು. ರಾಟೆ ನಿಲ್ಲಿಸಿ, ಎರಡೂ ತುದಿ ಹುಡುಕಿ, ಬೆರಳು ನಾಲಿಗೆಗೆ ತಾಗಿಸಿ ಹೊಸೆದರು. ರಾಟೆ ಮತ್ತೆ ತಿರುಗಿತು. ಯಾಕೆ ಕಿತ್ತಿತೆಂದು ಅವರು ನೋಡಲಿಲ್ಲ.

ಮಧ್ಯಾಹ್ನ ಒಳಕ್ಕೆ ಕರೆದೊಯ್ದು ದೊಡ್ಡಪ್ಪನ ಮಗ್ಗ ತೋರಿಸಿದರು. ಗುಂಡಿಯೊಳಗೆ ಅಕ್ಕಿ ಡಬ್ಬ ಇಟ್ಟಿದ್ದರು. ಲಾಳಿ ಎಂದರು, ಅಚ್ಚು ಎಂದರು, ಹಾಸು ಎಂದರು, ನಾನು ಬರೆದುಕೊಂಡೆ. ಕೆಲವಕ್ಕೆ ಅವರಿಗೆ ತಮಿಳಿನ ಹೆಸರೇ ಗೊತ್ತಿತ್ತು. ನನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳಿದೆ, ನಕ್ಕರು, ಅಷ್ಟೇನೂ ನೋಯಲಿಲ್ಲ. ಹಲಗೆಯ ಪಕ್ಕ ಹಗ್ಗಕ್ಕೆ ಕಟ್ಟಿದ್ದ, ಗೇಣುದ್ದದ, ಕೈ ತಾಗಿ ಸವೆದು ನುಣುಪಾದ ಒಂದು ಮರದ ತುಂಡನ್ನು ತೋರಿಸಿ ಇದಕ್ಕೇನಂತಾರೆ ಎಂದೆ. ಅವರು ಅದನ್ನು ಮುಟ್ಟಿದರು, ತಿರುಗಿಸಿದರು, ತುಟಿ ಅಲ್ಲಾಡಿಸಿದರು.

‘ಅದು ಅವರಿಗೇ ಗೊತ್ತಿತ್ತು’ ಎಂದರು.

ನೋಟ್‌ಬುಕ್ಕಿನಲ್ಲಿ ಆ ತುಂಡಿನ ಚಿತ್ರ ಬರೆದು, ಪಕ್ಕದಲ್ಲಿ ಹೆಸರಿನ ಜಾಗ ಬಿಟ್ಟಿದ್ದೇನೆ. ಮುಂದಿನ ಭಾನುವಾರ ಅದನ್ನು ಹಿಡಿದು ದೊಡ್ಡಪ್ಪನ ಜೊತೆ ನೇಯುತ್ತಿದ್ದ ಇನ್ನೊಬ್ಬ ಮುದುಕರ ಮನೆಗೆ ಹೋಗಬೇಕು. ಅದೇ ಬಸ್ಸು, ಟಿಕೆಟ್ ತೆಗೆಸಿದ್ದಾಗಿದೆ.